ಪ್ರತಿಸ್ಪರ್ಧಿಗಳು ಕೂಡಿ ಕಟ್ಟಿದ ಪುಟ್ಟ ಜಗತ್ತು

ಒಂದೇ ಬೀದಿಯಲ್ಲಿ ಎದುರುಬದುರಾಗಿ ಅಂಗಡಿಯಿಟ್ಟ ಇಬ್ಬರು ವರ್ತಕರು ತಮ್ಮ ಸರಕಿನ ಗುಟ್ಟನ್ನು ಒಬ್ಬರಿಗೊಬ್ಬರು ಬಿಟ್ಟುಕೊಡುವುದು ಲೋಕರೂಢಿಯಲ್ಲ. ಆದರೆ ಈ ರೂಢಿಯನ್ನು ಮೀರಿ, ಎದುರಾಳಿ ಬಳಗಗಳ ಪ್ರಮುಖರು ಒಟ್ಟಿಗೆ ಕುಳಿತು ಒಂದು ಕೃತಿಯನ್ನು ರಚಿಸಿದ ಪ್ರಸಂಗವೊಂದು ಜಪಾನ್ ದೇಶದಲ್ಲಿ ನಡೆದಿದೆ. ಆ ಕೃತಿ ಗ್ರಂಥವಲ್ಲ, ಚಲನಚಿತ್ರವಲ್ಲ. ದೂರದರ್ಶನದ ತೆರೆಯ ಮುಂದೆ ಕುಳಿತು ಆಡುವ ಒಂದು ವಿಡಿಯೋ ಆಟ. ಅದರ ಹೆಸರು ‘ಕ್ರೋನೊ ಟ್ರಿಗರ್’. ಪ್ರಕಟವಾದುದು ೧೯೯೫ನೆಯ ಇಸವಿ ಮಾರ್ಚ್ ೧೧ರಂದು.

ಆಟದ ಸುದ್ದಿಗೆ ವಿಜ್ಞಾನದ ಪತ್ರಿಕೆಯಲ್ಲೇನು ಕೆಲಸವೆಂದು ವಾಚಕರು ಕೇಳಬಹುದು. ಕೇಳುವುದು ನ್ಯಾಯವೇ. ಆದರೆ ಒಂದು ಸಂಗತಿಯನ್ನು ಗಮನಿಸಿ. ಈ ಆಟದ ಕಥೆ ಆರೂವರೆ ಕೋಟಿ ವರ್ಷಗಳ ಹಿಂದಿನ ಡೈನೊಸಾರ್‌ಗಳ ಕಾಲದಿಂದ ಕ್ರಿ. ಶ. ೨೩೦೦ರವರೆಗೆ ಹರಡಿದೆ. ಅದರಲ್ಲಿ ಕಾಡುಗಳುಂಟು, ಕೋಟೆಗಳುಂಟು, ಮೋಡಗಳ ಮೇಲೆ ತೇಲುವ ರಾಜ್ಯವುಂಟು, ಗಂಟೆಗಟ್ಟಲೆ ಕೇಳಬಹುದಾದ ಸಂಗೀತವುಂಟು. ಇವೆಲ್ಲವೂ ಅಡಗಿರುವುದು ಕೇವಲ ನಾಲ್ಕು ಮೆಗಾಬೈಟ್‌ಗಳಷ್ಟು ಸ್ಥಳದಲ್ಲಿ. ಇಂದು ನಾವು ಕೈಯಲ್ಲಿ ಹಿಡಿದಿರುವ ಫೋನಿನಿಂದ ತೆಗೆದ ಒಂದೇ ಒಂದು ಛಾಯಾಚಿತ್ರ ಹೆಚ್ಚು ಕಡಮೆ ಅಷ್ಟು ಸ್ಥಳವನ್ನು ಹಿಡಿಯುತ್ತದೆ! ಒಂದು ಪಟದ ಜಾಗದಲ್ಲಿ ಒಂದು ಪ್ರಪಂಚವನ್ನು ಅಳವಡಿಸಿದ್ದು ಹೇಗೆ? ಆ ಪ್ರಪಂಚದಲ್ಲಿ ಕಾಲವನ್ನು ಹಿಂದಕ್ಕೂ ಮುಂದಕ್ಕೂ ತಿರುಗಿಸಿದ್ದು ಹೇಗೆ? ಇವೆರಡೂ ವಿಜ್ಞಾನದ ಪ್ರಶ್ನೆಗಳೇ.

ಎರಡು ಬಳಗಗಳು

ಆಟಗಾರನು ಕಥೆಯೊಳಗಿನ ಒಂದು ಪಾತ್ರವನ್ನು ವಹಿಸಿ, ಊರೂರು ಅಲೆದು, ಜನರನ್ನು ಮಾತನಾಡಿಸಿ, ಶತ್ರುಗಳೊಡನೆ ಹೋರಾಡಿ, ಕ್ರಮೇಣ ಬಲಶಾಲಿಯಾಗುತ್ತ ಹೋಗುವ ಆಟಗಳು ಕೆಲವುಂಟು. ಜಪಾನಿನಲ್ಲಿ ಇಂಥ ಆಟಗಳಿಗೆ ನೆಲೆ ಕಲ್ಪಿಸಿಕೊಟ್ಟುದು ‘ಡ್ರ್ಯಾಗನ್ ಕ್ವೆಸ್ಟ್’. ೧೯೮೬ರಲ್ಲಿ ಎನಿಕ್ಸ್ ಸಂಸ್ಥೆ ಇದನ್ನು ಹೊರತಂದಿತು. ಇದರ ರಚನಕಾರರು ಯೂಜಿ ಹೋರಿ. ಚಿತ್ರಗಳನ್ನು ಬರೆದವರು ‘ಡ್ರ್ಯಾಗನ್ ಬಾಲ್’ ಚಿತ್ರಕಥೆಯಿಂದ ಮನೆಮಾತಾಗಿದ್ದ ಅಕಿರಾ ಟೋರಿಯಾಮ. ಮರುವರ್ಷವೇ, ಎಂದರೆ ೧೯೮೭ರಲ್ಲಿ, ಸ್ಕ್ವೇರ್ ಎಂಬ ಮತ್ತೊಂದು ಸಂಸ್ಥೆ ‘ಫೈನಲ್ ಫ್ಯಾಂಟಸಿ’ ಎಂಬ ಆಟವನ್ನು ತಂದಿತು. ಅದರ ಹಿಂದಿದ್ದವರು ಹಿರೊನೊಬು ಸಕಗುಚಿ. ಅಂದಿನಿಂದ ಈ ಎರಡು ಮಾಲೆಗಳೂ ಒಂದನ್ನೊಂದು ಹಿಂದೆ ಹಾಕಲು ಹೆಣಗುತ್ತಲೇ ಬಂದವು. ಒಬ್ಬರ ಆಟ ಬಂದಾಗಲೆಲ್ಲ ಇನ್ನೊಬ್ಬರ ಅಭಿಮಾನಿಗಳು ಮೂಗು ಮುರಿಯುವುದು ವಾಡಿಕೆಯಾಯಿತು.

೧೯೯೨ರಲ್ಲಿ ಸಕಗುಚಿ, ಹೋರಿ, ಟೋರಿಯಾಮ ಈ ಮೂವರೂ ಗಣಕಯಂತ್ರದಿಂದ ಚಿತ್ರ ರಚಿಸುವ ವಿದ್ಯೆಯ ಬೆಳವಣಿಗೆಯನ್ನು ನೋಡಿ ಬರಲೆಂದು ಅಮೆರಿಕಕ್ಕೆ ಒಟ್ಟಿಗೆ ಪ್ರಯಾಣ ಮಾಡಿದರು. ಇದುವರೆಗೆ ಯಾರೂ ಮಾಡದಿದ್ದುದನ್ನು ಕೂಡಿ ಮಾಡೋಣವೆಂಬ ಯೋಚನೆ ಆಗ ಮೊಳೆಯಿತು. ಮುಂದೆ ಸ್ಕ್ವೇರ್ ಸಂಸ್ಥೆಯ ಕಜುಹಿಕೊ ಅಓಕಿ ನಿರ್ಮಾಪಕರಾದರು. ಕಾಲಯಾನದ ಕಥೆಗೆ ಹೋರಿ ರೂಪರೇಖೆ ಹಾಕಿದರು. ಅದಕ್ಕೆ ರಕ್ತಮಾಂಸ ತುಂಬಿದವರಲ್ಲಿ ಮುಖ್ಯರು ಮಸಾತೊ ಕಾತೊ. ಟೋರಿಯಾಮ ಪಾತ್ರಗಳ ಚಿತ್ರ ಬರೆದರು. ಈ ತಂಡಕ್ಕೆ ‘ಕನಸಿನ ತಂಡ’ ಎಂಬ ಹೆಸರೇ ಬಂದಿತು.

ಇಲ್ಲಿ ಒಂದು ತಪ್ಪು ತಿಳಿವಳಿಕೆಯನ್ನು ಸರಿಪಡಿಸಬೇಕು. ಎರಡು ಸಂಸ್ಥೆಗಳೂ ಪಾಲುದಾರರಾಗಿ ಈ ಆಟವನ್ನು ಪ್ರಕಟಿಸಿದುವೆಂದು ಕೆಲವರು ಹೇಳುವುದುಂಟು. ಹಾಗಲ್ಲ. ಆಟವನ್ನು ತಯಾರಿಸಿ ಮಾರಿದುದು ಸ್ಕ್ವೇರ್ ಒಂದೇ. ಎನಿಕ್ಸ್‌ಗೆ ಕೀರ್ತಿ ತಂದ ವ್ಯಕ್ತಿಗಳು ಬಂದು ಎದುರಾಳಿಯ ಮನೆಯಲ್ಲಿ ಕೆಲಸ ಮಾಡಿದರು. ಕೂಡಿದುದು ಬಂಡವಾಳವಲ್ಲ, ಪ್ರತಿಭೆ. ಪ್ರಸಂಗದ ಸ್ವಾರಸ್ಯವೂ ಅಲ್ಲಿಯೇ ಇದೆ.

ಅಚ್ಚುಮೊಳೆಯ ಉಪಾಯ

ಆಟ ನಡೆಯುತ್ತಿದ್ದ ಯಂತ್ರ, ನಿಂಟೆಂಡೊ ಸಂಸ್ಥೆ ೧೯೯೦ರಲ್ಲಿ ಹೊರತಂದ ‘ಸೂಪರ್ ಫ್ಯಾಮಿಕಾಮ್’. ಅದರ ತೆರೆಯಲ್ಲಿ ಅಡ್ಡಲಾಗಿ ೨೫೬, ಉದ್ದಕ್ಕೆ ೨೨೪ ಚಿತ್ರಬಿಂದುಗಳು, ಒಟ್ಟು ೫೭,೩೪೪. ಯಂತ್ರದ ಮಿದುಳಾದ ಸಂಸ್ಕಾರಕ ಹೆಚ್ಚೆಂದರೆ ಸೆಕೆಂಡಿಗೆ ಸುಮಾರು ೩೫.೮ ಲಕ್ಷ ಸಲ ಮಿಡಿಯುತ್ತಿತ್ತು. ತೆರೆಯ ಚಿತ್ರ ಸೆಕೆಂಡಿಗೆ ಅರುವತ್ತು ಸಲ ಹೊಸದಾಗಬೇಕು. ಹಾಗಿದ್ದಲ್ಲಿ ಒಂದು ಚಿತ್ರಕ್ಕೆ ದೊರೆಯುವ ಮಿಡಿತಗಳು ಸುಮಾರು ೬೦,೦೦೦. ಎಂದರೆ ಬಿಂದುವೊಂದಕ್ಕೆ ಹೆಚ್ಚು ಕಡಮೆ ಒಂದೇ ಮಿಡಿತ! ಅತಿ ಸಣ್ಣ ಆಜ್ಞೆಯೊಂದನ್ನು ನಡೆಸುವುದಕ್ಕೂ ಒಂದಕ್ಕಿಂತ ಹೆಚ್ಚು ಮಿಡಿತಗಳು ಬೇಕು. ಆದ್ದರಿಂದ ಪ್ರತಿಯೊಂದು ಬಿಂದುವನ್ನೂ ಸಂಸ್ಕಾರಕವೇ ಬರೆಯುವುದೆಂಬುದು ಆಗದ ಮಾತು.

ಸ್ಥಳದ ಸಂಕಟ ಇದಕ್ಕಿಂತ ಘೋರವಾದುದು. ಪ್ರತಿ ಬಿಂದುವಿಗೆ ಹದಿನಾರು ಬಣ್ಣಗಳಲ್ಲಿ ಒಂದನ್ನು ಸೂಚಿಸಲು ನಾಲ್ಕು ಬಿಟ್‌ಗಳು ಬೇಕೆಂದಿಟ್ಟುಕೊಳ್ಳಿ. ಆಗ ಒಂದು ತೆರೆಯ ಚಿತ್ರಕ್ಕೆ ೨೮,೬೭೨ ಬೈಟ್‌ಗಳು ವೆಚ್ಚವಾಗುತ್ತವೆ. ಆಟದ ಕಾರ್ಟ್ರಿಜ್‌ನೊಳಗಿನ ಸ್ಮೃತಿ ಒಟ್ಟು ೪೧,೯೪,೩೦೪ ಬೈಟ್‌ಗಳು. ಭಾಗಿಸಿ ನೋಡಿದರೆ ೧೪೬ ಚಿತ್ರಗಳಿಗೆ ಸ್ಮೃತಿ ತುಂಬಿಹೋಗುತ್ತದೆ. ಕಥೆಗೆ, ಮಾತಿಗೆ, ಸಂಗೀತಕ್ಕೆ ಒಂದು ಬೈಟೂ ಉಳಿಯದು.

ಇದಕ್ಕೆ ಕಂಡುಕೊಂಡ ಉಪಾಯ ನಮ್ಮ ಹಳೆಯ ಮುದ್ರಣಾಲಯಗಳ ಉಪಾಯವೇ. ಪುಸ್ತಕದ ಪ್ರತಿ ಪುಟಕ್ಕೂ ಮರದ ಹಲಗೆಯನ್ನು ಹೊಸದಾಗಿ ಕೆತ್ತುತ್ತ ಕುಳಿತರೆ ಕೆಲಸ ಸಾಗುವುದಿಲ್ಲ. ಅದಕ್ಕೆ ಬದಲಾಗಿ ಅಕ್ಷರಗಳ ಅಚ್ಚುಮೊಳೆಗಳನ್ನು ಒಮ್ಮೆ ಎರಕ ಹೊಯ್ದಿಟ್ಟುಕೊಂಡರೆ ಅವನ್ನೇ ಜೋಡಿಸಿ ಎಷ್ಟು ಪುಟಗಳನ್ನಾದರೂ ಅಚ್ಚು ಮಾಡಬಹುದು. ಆಟದ ಯಂತ್ರದಲ್ಲಿಯೂ ಎಂಟು ಬಿಂದು ಅಗಲ, ಎಂಟು ಬಿಂದು ಉದ್ದದ ಚೌಕ ಬಿಲ್ಲೆಗಳನ್ನು ಮೊದಲು ಮಾಡಿಟ್ಟುಕೊಳ್ಳುತ್ತಾರೆ. ಒಂದು ಹುಲ್ಲಿನ ಬಿಲ್ಲೆ, ಒಂದು ಗೋಡೆಯ ಬಿಲ್ಲೆ, ಒಂದು ನೀರಿನ ಬಿಲ್ಲೆ, ಹೀಗೆ. ತೆರೆಯೊಂದರಲ್ಲಿ ಹಿಡಿಸುವ ಬಿಲ್ಲೆಗಳು ೮೯೬. ಯಾವ ಜಾಗದಲ್ಲಿ ಯಾವ ಬಿಲ್ಲೆ ಎಂಬ ಸೂಚನೆಗೆ ಎರಡು ಬೈಟ್‌ಗಳು ಸಾಕು. ಆದ್ದರಿಂದ ಬಿಲ್ಲೆಗಳು ಒಮ್ಮೆ ಸಿದ್ಧವಾದ ಮೇಲೆ ಹೊಸ ದೃಶ್ಯವೊಂದಕ್ಕೆ ತಗಲುವ ವೆಚ್ಚ ೧,೭೯೨ ಬೈಟ್‌ಗಳು ಮಾತ್ರ. ಮೊದಲಿನ ಲೆಕ್ಕದ ಹದಿನಾರನೆಯ ಒಂದು ಪಾಲು! ಬಿಲ್ಲೆಗಳನ್ನು ಜೋಡಿಸಿ ತೆರೆಗೆ ಕಳುಹಿಸುವ ಕೆಲಸವನ್ನು ಬೇರೊಂದು ಚಿತ್ರಸಂಸ್ಕಾರಕಕ್ಕೆ ವಹಿಸಿ, ಮುಖ್ಯ ಸಂಸ್ಕಾರಕವನ್ನು ಕಥೆಯ ಕಡೆಗೆ ಗಮನ ಕೊಡಲು ಬಿಡಲಾಯಿತು.

ಬಣ್ಣದಲ್ಲಿಯೂ ಇಂಥದೇ ಜಾಣತನವುಂಟು. ಬಿಲ್ಲೆಯಲ್ಲಿ ಬಣ್ಣವನ್ನೇ ಬರೆದಿಡುವುದಿಲ್ಲ. ‘ಮೂರನೆಯ ಬಣ್ಣ’, ‘ಏಳನೆಯ ಬಣ್ಣ’ ಎಂಬ ಕ್ರಮಾಂಕವನ್ನು ಮಾತ್ರ ಬರೆದಿಡುತ್ತಾರೆ. ಏಳನೆಯ ಬಣ್ಣವೆಂದರೆ ಯಾವುದೆಂಬುದನ್ನು ಬೇರೊಂದು ಪಟ್ಟಿ ಹೇಳುತ್ತದೆ. ಯಂತ್ರ ತೋರಿಸಬಲ್ಲ ೩೨,೭೬೮ ಛಾಯೆಗಳಲ್ಲಿ ಯಾವುದನ್ನು ಬೇಕಾದರೂ ಆ ಪಟ್ಟಿಯಲ್ಲಿ ಸೇರಿಸಬಹುದು. ಪಟ್ಟಿಯನ್ನು ಬದಲಿಸಿದೊಡನೆ, ಒಂದು ಬಿಲ್ಲೆಯನ್ನೂ ಮುಟ್ಟದೆ, ಹಸುರು ಕಾಡು ಮುಸ್ಸಂಜೆಯ ಕಾಡಾಗಿಬಿಡುತ್ತದೆ.

ಮೂರೂವರೆ ಸೆಕೆಂಡುಗಳ ಸಂಗೀತ

ಸಂಗೀತದ ಸಮಸ್ಯೆ ಇನ್ನೂ ಬಿಗಿಯಾದುದು. ಧ್ವನಿಗೆಂದು ಯಂತ್ರದಲ್ಲಿ ಮೀಸಲಿದ್ದ ಸ್ಮೃತಿ ೬೪ ಕಿಲೋಬೈಟ್. ಸೆಕೆಂಡಿಗೆ ೩೨,೦೦೦ ಮಾದರಿಗಳಂತೆ, ಮಾದರಿಗೆ ಎರಡು ಬೈಟ್‌ಗಳಂತೆ ಧ್ವನಿಯನ್ನು ಮುದ್ರಿಸಿಕೊಂಡರೆ ಒಂದೇ ಸೆಕೆಂಡಿಗೆ ಆ ಸ್ಥಳ ಮುಗಿಯುತ್ತದೆ. ಹದಿನಾರು ಮಾದರಿಗಳನ್ನು ೩೨ ಬೈಟ್‌ಗಳಿಗೆ ಬದಲಾಗಿ ಒಂಬತ್ತೇ ಬೈಟ್‌ಗಳಲ್ಲಿ ಅಡಕಿಸುವ ಏರ್ಪಾಡು ಯಂತ್ರದಲ್ಲಿತ್ತು. ಆದರೂ ಮೂರೂವರೆ ಸೆಕೆಂಡಿಗಿಂತ ತುಸು ಹೆಚ್ಚಿನ ಧ್ವನಿ ಮಾತ್ರ ಹಿಡಿಸೀತು. ಅಂಥ ಯಂತ್ರದಿಂದ ನಿಮಿಷಗಟ್ಟಲೆ ಹರಿಯುವ ಸಂಗೀತ ಹೇಗೆ ಬಂತು?

ಸ್ವರಲಿಪಿಯನ್ನು ಬಲ್ಲವರಿಗೆ ಉತ್ತರ ಸುಲಭವಾಗಿ ಹೊಳೆಯುತ್ತದೆ. ಒಂದು ಕೀರ್ತನೆಯನ್ನು ಹಾಡಿ ಮುದ್ರಿಸಿಕೊಂಡರೆ ಅದು ಬಹಳ ಸ್ಥಳವನ್ನು ಬೇಡುತ್ತದೆ. ಅದನ್ನೇ ಸರಿಗಮಪದನಿ ಎಂಬ ಅಕ್ಷರಗಳಲ್ಲಿ ಬರೆದಿಟ್ಟರೆ ಒಂದು ಹಾಳೆ ಸಾಕು. ನುಡಿಸುವವನಿದ್ದರೆ ಹಾಳೆಯಿಂದ ಹಾಡು ಮತ್ತೆ ಹುಟ್ಟುತ್ತದೆ. ಆಟದ ಯಂತ್ರದಲ್ಲಿ ಪ್ರತಿ ವಾದ್ಯದ ಒಂದು ಚೂರು ನಾದವನ್ನು ಮಾತ್ರ ಸಂಗ್ರಹಿಸಿದ್ದರು. ಆ ಚೂರನ್ನು ಇಮ್ಮಡಿ ವೇಗದಲ್ಲಿ ಓದಿದರೆ ಆವರ್ತಾಂಕ ಇಮ್ಮಡಿಯಾಗಿ ಸ್ವರ ಒಂದು ಸ್ಥಾಯಿ ಮೇಲೇರುತ್ತದೆ. ಅರ್ಧ ವೇಗದಲ್ಲಿ ಓದಿದರೆ ಒಂದು ಸ್ಥಾಯಿ ಇಳಿಯುತ್ತದೆ. ಗ್ರಾಮಫೋನಿನ ತಟ್ಟೆಯನ್ನು ಬೇಗ ತಿರುಗಿಸಿದರೆ ಗಾಯಕನ ಕಂಠ ಕೀಚಲಾಗುವುದಿಲ್ಲವೆ? ತತ್ತ್ವ ಅದೇ. ಹೀಗೆ ಏಕಕಾಲಕ್ಕೆ ಎಂಟು ನಾದಗಳನ್ನು ಯಂತ್ರ ನುಡಿಸಬಲ್ಲುದಾಗಿತ್ತು. ಈ ಧ್ವನಿಭಾಗವನ್ನು ನಿಂಟೆಂಡೊಗಾಗಿ ತಯಾರಿಸಿದ್ದು ಸೋನಿ ಸಂಸ್ಥೆ. ೧೯೯೪ರ ಡಿಸೆಂಬರಿನಲ್ಲಿ ‘ಪ್ಲೇಸ್ಟೇಷನ್’ ತಂದು ನಿಂಟೆಂಡೊಗೆ ಸಡ್ಡು ಹೊಡೆದುದೂ ಅದೇ ಸೋನಿ! ಎದುರಾಳಿಗಳ ಸಹಕಾರ ಯಂತ್ರದ ಒಡಲಿನಲ್ಲಿಯೇ ಇದ್ದಿತೆಂದು ಹೇಳಿದರೆ ತಪ್ಪಾಗದು.

ಈ ಸಂಗೀತದ ಹಿಂದೆ ಒಂದು ಮನುಷ್ಯನ ಕಥೆಯುಂಟು. ಯಾಸುನೊರಿ ಮಿತ್ಸುದ ಎಂಬ ತರುಣರು ಸ್ಕ್ವೇರ್ ಸಂಸ್ಥೆಯಲ್ಲಿ ಕತ್ತಿಯ ಸದ್ದು, ಬಾಗಿಲ ಸದ್ದು ಮೊದಲಾದ ಶಬ್ದಗಳನ್ನು ತಯಾರಿಸುವ ಕೆಲಸದಲ್ಲಿದ್ದರು. ಸಂಗೀತ ರಚಿಸುವ ಅವಕಾಶ ಕೊಡದಿದ್ದರೆ ಕೆಲಸ ಬಿಡುವುದಾಗಿ ಅವರು ಸಕಗುಚಿಯವರಿಗೆ ನೇರವಾಗಿ ತಿಳಿಸಿದರು. ಸಕಗುಚಿ ಕೋಪಿಸಿಕೊಳ್ಳದೆ ಈ ಮಹತ್ವದ ಆಟದ ಸಂಗೀತವನ್ನೇ ಅವರ ಕೈಗಿತ್ತರು. ಮಿತ್ಸುದ ಹಗಲಿರುಳೆನ್ನದೆ ದುಡಿದರು. ದುಡಿದು ದುಡಿದು ಕೊನೆಗೆ ಹೊಟ್ಟೆಯ ಹುಣ್ಣಿನಿಂದ ಆಸ್ಪತ್ರೆ ಸೇರಿದರು. ಉಳಿದ ರಚನೆಗಳನ್ನು ಹಿರಿಯರಾದ ನೊಬುವೊ ಉಎಮತ್ಸು ಪೂರೈಸಿಕೊಟ್ಟರು. ತರುಣರ ಹಟ ಮೆಚ್ಚತಕ್ಕದ್ದೇ. ಆದರೆ ಶರೀರವೂ ಒಂದು ಯಂತ್ರ, ಅದಕ್ಕೂ ಮಿತಿಯುಂಟೆಂಬುದನ್ನು ಪರೀಕ್ಷೆಗಾಗಿ ನಿದ್ದೆಗೆಡುವ ನಮ್ಮ ವಿದ್ಯಾರ್ಥಿಗಳು ಇದರಿಂದ ತಿಳಿದುಕೊಳ್ಳುವುದು ಒಳ್ಳೆಯದು.

ಬಿಟ್‌ಗಳಲ್ಲಿ ಬರೆದ ಕಾಲ

ಇನ್ನು ಕಾಲಯಾನದ ವಿಚಾರ. ಆಟದ ಕಥೆಯಲ್ಲಿ ಒಂದು ಮರುಭೂಮಿಯುಂಟು. ಕ್ರಿ. ಶ. ೬೦೦ರಲ್ಲಿ ಅದನ್ನು ಹಸುರಾಗಿಸಲು ಒಬ್ಬ ಹೆಣ್ಣುಮಗಳು ಹೆಣಗುತ್ತಾಳೆ. ಅದು ಒಂದು ಜನ್ಮದಲ್ಲಿ ಮುಗಿಯುವ ಕೆಲಸವಲ್ಲ. ಸಂಗಡಿಗರಲ್ಲೊಬ್ಬನಾದ ಯಂತ್ರಮಾನವ ಅಲ್ಲಿಯೇ ಉಳಿಯಲು ಒಪ್ಪುತ್ತಾನೆ. ಉಳಿದವರು ಕಾಲನೌಕೆಯನ್ನೇರಿ ಕ್ರಿ. ಶ. ೧೦೦೦ಕ್ಕೆ ಬರುವುದು ಅವರ ಪಾಲಿಗೆ ಕ್ಷಣದ ಮಾತು. ಆದರೆ ಮಣ್ಣನ್ನು ಉತ್ತು ಗಿಡ ನೆಟ್ಟ ಆ ಯಂತ್ರಮಾನವನ ಪಾಲಿಗೆ ನಾಲ್ಕು ನೂರು ವರ್ಷಗಳು ಉರುಳಿರುತ್ತವೆ. ಬಂದವರ ಕಣ್ಣಿಗೆ ಮರುಭೂಮಿಯಿದ್ದಲ್ಲಿ ದಟ್ಟವಾದ ಕಾಡು ಕಾಣುತ್ತದೆ. ಸವೆದು ನಿಂತ ಗೆಳೆಯನನ್ನು ಜನ ಗುಡಿಯಲ್ಲಿಟ್ಟು ಗೌರವಿಸುತ್ತಿರುತ್ತಾರೆ. ಇನ್ನೊಂದು ಪ್ರಸಂಗದಲ್ಲಿ, ಹಳೆಯ ಕಾಲದ ಹೆಂಗಸೊಬ್ಬಳಿಗೆ ಒಣಗಿಸಿದ ಮಾಂಸವನ್ನು ಹಣ ಪಡೆಯದೆ ಕೊಟ್ಟರೆ, ಆಕೆಯ ವಂಶದಲ್ಲಿ ಹುಟ್ಟಿದ ಜಿಪುಣ ಪುರಪ್ರಮುಖ ನಾಲ್ಕು ಶತಮಾನಗಳ ಮೇಲೆ ಉದಾರಿಯಾಗಿರುತ್ತಾನೆ.

ಯಂತ್ರದೊಳಗೆ ನಿಜವಾಗಿ ನಡೆಯುವುದೇನು? ನಾಲ್ಕು ನೂರು ವರ್ಷಗಳ ಬೇಸಾಯವನ್ನು ಯಾರೂ ಲೆಕ್ಕ ಹಾಕುವುದಿಲ್ಲ. ಇಂಥ ಆಟಗಳಲ್ಲಿ ಪ್ರತಿ ಘಟನೆಗೂ ಒಂದು ಗುರುತು ಇರುತ್ತದೆ. ಘಟನೆ ನಡೆಯದಿದ್ದರೆ ಅದು ಸೊನ್ನೆ, ನಡೆದಿದ್ದರೆ ಒಂದು. ಆಟಗಾರ ಮುಂದಿನ ಯುಗಕ್ಕೆ ಕಾಲಿಟ್ಟಾಗ ಯಂತ್ರ ಆ ಗುರುತನ್ನು ಓದಿ, ಸೊನ್ನೆಯಾದರೆ ಮರಳಿನ ನಕ್ಷೆಯನ್ನೂ ಒಂದಾದರೆ ಕಾಡಿನ ನಕ್ಷೆಯನ್ನೂ ತೆರೆಯ ಮೇಲೆ ಹರಡುತ್ತದೆ. ಆಟವನ್ನು ಅರ್ಧಕ್ಕೆ ನಿಲ್ಲಿಸಿ ನಾಳೆ ಮುಂದುವರಿಸಬೇಕೆಂದರೆ ಈ ಗುರುತುಗಳೂ ಪಾತ್ರಗಳ ಬಲಾಬಲಗಳೂ ಉಳಿದಿರಬೇಕಷ್ಟೆ. ಅದಕ್ಕಾಗಿ ಕಾರ್ಟ್ರಿಜ್‌ನಲ್ಲಿ ಎಂಟು ಕಿಲೋಬೈಟ್‌ಗಳ ಸ್ಮೃತಿಯನ್ನು ಒಂದು ಪುಟ್ಟ ಬ್ಯಾಟರಿ ಜೀವಂತವಾಗಿಡುತ್ತಿತ್ತು. ಅದರಲ್ಲಿ ಮೂರು ಆಟಗಳನ್ನು ಕಾಪಾಡಬಹುದಾಗಿತ್ತು. ಎಂದರೆ, ಒಬ್ಬ ಆಟಗಾರ ಬದಲಿಸಿದ ಚರಿತ್ರೆಯೆಲ್ಲ ಮೂರು ಕಿಲೋಬೈಟ್‌ಗಳಿಗಿಂತ ಕಡಮೆ! ಗುರುತುಗಳ ಈ ಏರ್ಪಾಡಿನಿಂದಲೇ ಆಟಕ್ಕೆ ಒಂದಲ್ಲ, ಹತ್ತಕ್ಕಿಂತ ಹೆಚ್ಚು ಮುಕ್ತಾಯಗಳನ್ನು ಕೊಡಲು ಸಾಧ್ಯವಾಯಿತು. ಕೊನೆಯ ಶತ್ರುವನ್ನು ಕಥೆಯ ಯಾವ ಹಂತದಲ್ಲಿ ಎದುರಿಸಿದಿರೋ ಅದನ್ನು ಅನುಸರಿಸಿ ಮುಕ್ತಾಯ ಬದಲಾಗುತ್ತದೆ.

ನಿಸರ್ಗ ಏನೆನ್ನುತ್ತದೆ?

ಇದನ್ನು ಓದಿದ ವಿದ್ಯಾರ್ಥಿಯ ಮನಸ್ಸಿನಲ್ಲಿ, ನಿಜವಾಗಿಯೂ ಕಾಲಯಾನ ಸಾಧ್ಯವೆ ಎಂಬ ಪ್ರಶ್ನೆ ಏಳದಿರದು. ಭವಿಷ್ಯದ ಕಡೆಗಿನ ಯಾನವನ್ನು ಭೌತಶಾಸ್ತ್ರ ಒಪ್ಪುತ್ತದೆ. ಒಪ್ಪುವುದಷ್ಟೇ ಅಲ್ಲ, ಅಳೆದೂ ಇದೆ. ವಿಶ್ವಕಿರಣಗಳ ಹೊಡೆತದಿಂದ ವಾಯುಮಂಡಲದ ಮೇಲ್ಭಾಗದಲ್ಲಿ ಮ್ಯೂಆನ್ ಎಂಬ ಕಣಗಳು ಹುಟ್ಟುತ್ತವೆ. ನಿಶ್ಚಲವಾಗಿರುವ ಮ್ಯೂಆನಿನ ಸರಾಸರಿ ಆಯುಸ್ಸು ಒಂದು ಸೆಕೆಂಡಿನ ಹತ್ತು ಲಕ್ಷ ಭಾಗಗಳಲ್ಲಿ ಎರಡು ಭಾಗಕ್ಕಿಂತ ಸ್ವಲ್ಪ ಹೆಚ್ಚು. ಅಷ್ಟರಲ್ಲಿ ಬೆಳಕು ಕೂಡ ೬೬೦ ಮೀಟರ್ ಮಾತ್ರ ಸಾಗೀತು. ಹೀಗಿದ್ದರೂ ಹಲವು ಕಿಲೋಮೀಟರ್ ಎತ್ತರದಲ್ಲಿ ಹುಟ್ಟಿದ ಮ್ಯೂಆನ್‌ಗಳು ನೆಲವನ್ನು ಬಂದು ಮುಟ್ಟುತ್ತಲೇ ಇವೆ. ಅತಿವೇಗದಲ್ಲಿ ಚಲಿಸುವ ಕಣದ ಗಡಿಯಾರ ನಮ್ಮ ದೃಷ್ಟಿಯಲ್ಲಿ ನಿಧಾನವಾಗಿ ನಡೆಯುತ್ತದೆಂಬ ಐನ್‌ಸ್ಟೈನರ ಸಿದ್ಧಾಂತಕ್ಕೆ ಇದು ಸಾಕ್ಷಿ.

ಹಿಂದಕ್ಕೆ ಹೋಗುವುದು ಬೇರೆಯೇ ಮಾತು. ಐನ್‌ಸ್ಟೈನರ ಸಮೀಕರಣಗಳಿಗೆ, ಹೊರಟ ಕ್ಷಣಕ್ಕೇ ಮರಳಿ ಬರುವ ಹಾದಿಗಳುಳ್ಳ ಒಂದು ಪರಿಹಾರವನ್ನು ಕುರ್ಟ್ ಗೋಡೆಲ್ ೧೯೪೯ರಲ್ಲಿ ತೋರಿಸಿದರು. ಆದರೆ ಅವರು ಕಲ್ಪಿಸಿದ ವಿಶ್ವ ಒಟ್ಟಾಗಿ ತಿರುಗುವಂಥದು. ನಮ್ಮ ವಿಶ್ವ ಅಂಥದೆಂಬುದಕ್ಕೆ ಆಧಾರವಿಲ್ಲ. ಭೌತನಿಯಮಗಳೇ ಭೂತಕಾಲದ ಬಾಗಿಲನ್ನು ಮುಚ್ಚಿರಬೇಕೆಂದು ಸ್ಟೀಫನ್ ಹಾಕಿಂಗ್ ೧೯೯೨ರಲ್ಲಿ ಊಹಿಸಿದರು. ತೊಡಕು ಕಾರ್ಯಕಾರಣ ಸಂಬಂಧದ್ದು. ಆಟದಲ್ಲಿಯೂ ಈ ತೊಡಕು ಬರುತ್ತದೆ. ರಾಜಕುಮಾರಿಯೊಬ್ಬಳು ನಾಲ್ಕು ನೂರು ವರ್ಷ ಹಿಂದಕ್ಕೆ ಬಿದ್ದಾಗ, ಕಾಣೆಯಾಗಿದ್ದ ರಾಣಿ ಈಕೆಯೇ ಎಂದು ಜನ ಭ್ರಮಿಸಿ ನಿಜವಾದ ರಾಣಿಯ ಹುಡುಕಾಟವನ್ನು ನಿಲ್ಲಿಸುತ್ತಾರೆ. ಆ ರಾಣಿ ಈಕೆಯ ಪೂರ್ವಜೆ. ಆಕೆ ಸತ್ತರೆ ಈಕೆ ಹುಟ್ಟುವುದೆಲ್ಲಿಂದ? ರಾಜಕುಮಾರಿ ಕಣ್ಣೆದುರಿಗೇ ಮಾಯವಾಗುತ್ತಾಳೆ! ಆಕೆ ಹುಟ್ಟಲೇ ಇಲ್ಲವೆಂದರೆ ಹಿಂದಕ್ಕೆ ಹೋದವಳು ಯಾರು, ಹುಡುಕಾಟ ನಿಂತುದೇಕೆ ಎಂದು ತರ್ಕ ಕೇಳುತ್ತದೆ. ಗಣಕಯಂತ್ರಕ್ಕೆ ಈ ಚಿಂತೆಯಿಲ್ಲ. ಅದು ಬಲ್ಲುದು ಈ ಕ್ಷಣದ ಗುರುತುಗಳನ್ನು ಮಾತ್ರ; ಅವು ಹಾಗಾದುದೇಕೆಂದು ಅದು ಕೇಳುವುದಿಲ್ಲ. ನಿಸರ್ಗ ಹಾಗಲ್ಲ. ಅಲ್ಲಿ ಪ್ರತಿ ಕಾರ್ಯಕ್ಕೂ ಕಾರಣದ ಲೆಕ್ಕ ಒಪ್ಪಿಸಬೇಕಾಗುತ್ತದೆ.

ಇನ್ನೊಂದು ಸ್ವಾರಸ್ಯ. ಆಟದಲ್ಲಿ ಆಕಾಶದಿಂದ ಬೀಳುವ ‘ಲಾವೊಸ್’ ಎಂಬ ಭಯಂಕರ ಜೀವಿಯಿಂದ ಡೈನೊಸಾರ್‌ಗಳ ಯುಗ ಕೊನೆಗಾಣುತ್ತದೆ. ಇದು ಬರಿಯ ಕಟ್ಟುಕಥೆಯಲ್ಲ. ಡೈನೊಸಾರ್‌ಗಳ ಕಾಲ ಮುಗಿದ ಮಟ್ಟದ ಮಣ್ಣಿನಲ್ಲಿ ಇರಿಡಿಯಮ್ ಎಂಬ ವಿರಳ ಲೋಹ ಅಸಾಧಾರಣವಾಗಿ ಹೆಚ್ಚಿರುವುದನ್ನು ಲೂಯಿ ಅಲ್ವಾರೆಜ್, ಅವರ ಮಗ ವಾಲ್ಟರ್ ಮತ್ತು ಸಂಗಡಿಗರು ೧೯೮೦ರಲ್ಲಿ ಪ್ರಕಟಿಸಿ, ಬಾಹ್ಯಾಕಾಶದಿಂದ ಬಿದ್ದ ದೊಡ್ಡ ಕಾಯವೇ ಅವುಗಳ ಅಳಿವಿಗೆ ಕಾರಣವೆಂದು ವಾದಿಸಿದ್ದರು. ಆ ಕಾಯ ಬಿದ್ದ ಕುಳಿ ಮೆಕ್ಸಿಕೊ ದೇಶದ ಚಿಕ್ಸುಲುಬ್‌ನಲ್ಲಿದೆಯೆಂಬುದಕ್ಕೆ ೧೯೯೧ರಲ್ಲಿ ಪುರಾವೆ ಪ್ರಕಟವಾಯಿತು. ಆಟದ ರಚನಕಾರರು ಅಂದಿನ ರೂಢಿಯಂತೆ ಆರೂವರೆ ಕೋಟಿ ವರ್ಷಗಳೆಂದರು. ಇಂದಿನ ಅಳತೆ ಸುಮಾರು ೬.೬ ಕೋಟಿ ವರ್ಷಗಳು.

ಕೊನೆಯ ಮಾತು

ಆಟ ಜಪಾನಿನಲ್ಲಿಯೇ ಇಪ್ಪತ್ತು ಲಕ್ಷಕ್ಕಿಂತ ಹೆಚ್ಚು ಪ್ರತಿಗಳು ಮಾರಾಟವಾಯಿತು. ೧೯೯೯ರಲ್ಲಿ ಅದನ್ನು ಪ್ಲೇಸ್ಟೇಷನ್ನಿನ ತಟ್ಟೆಗೆ ಇಳಿಸಿದರು. ಕಾರ್ಟ್ರಿಜ್‌ನ ನೂರೈವತ್ತು ಪಾಲಿಗಿಂತ ಹೆಚ್ಚು ಸ್ಥಳ ತಟ್ಟೆಯಲ್ಲಿದ್ದಿತು. ಆದರೆ ತಟ್ಟೆ ತಿರುಗಿ, ಓದುವ ಕಣ್ಣು ಸರಿದು, ಮಾಹಿತಿ ಬರುವವರೆಗೆ ಆಟಗಾರ ಕಾದು ಕೂರಬೇಕಾಯಿತು. ಸ್ಥಳ ಹೆಚ್ಚಾದ ಮಾತ್ರಕ್ಕೆ ಎಲ್ಲವೂ ಹೆಚ್ಚಾಗುವುದಿಲ್ಲ! ೨೦೦೩ರ ಏಪ್ರಿಲ್‌ನಲ್ಲಿ ಸ್ಕ್ವೇರ್ ಮತ್ತು ಎನಿಕ್ಸ್ ಸಂಸ್ಥೆಗಳೇ ಒಂದಾದುವು. ಟೋರಿಯಾಮ ೨೦೨೪ರ ಮಾರ್ಚ್ ೧ರಂದು ತೀರಿಕೊಂಡರು. ಅವರು ಬರೆದ ಕೆದರುಗೂದಲಿನ ನಾಯಕ ಇಂದಿಗೂ ಫೋನುಗಳ ತೆರೆಯ ಮೇಲೆ ಕಾಲದಿಂದ ಕಾಲಕ್ಕೆ ನೆಗೆಯುತ್ತಿದ್ದಾನೆ.

ಈ ಆಟದ ಹೋರಾಟಗಳಲ್ಲಿ ಒಂದು ನಿಯಮವುಂಟು. ಇಬ್ಬರು ಅಥವಾ ಮೂವರು ಸಂಗಡಿಗರು ತಮ್ಮ ಸರದಿ ಬಂದೊಡನೆ ಒಬ್ಬೊಬ್ಬರೇ ಹೊಡೆಯದೆ, ಪರಸ್ಪರ ಕಾದು, ತಮ್ಮ ವಿದ್ಯೆಗಳನ್ನು ಕೂಡಿಸಿ ಹೊಡೆಯಬಹುದು. ಒಬ್ಬನ ಕತ್ತಿಗೆ ಇನ್ನೊಬ್ಬಳ ಬೆಂಕಿ ಸೇರಿದರೆ ಎರಡನ್ನೂ ಮೀರಿದ ಹೊಡೆತ ಹುಟ್ಟುತ್ತದೆ. ಆದರೆ ಹಾಗೆ ಮಾಡಬೇಕಾದರೆ ಮೊದಲು ಸಿದ್ಧನಾದವನು ತನ್ನ ಸರದಿಯನ್ನು ತಡೆಹಿಡಿದು ಕಾಯಬೇಕು. ಆಟವನ್ನು ರಚಿಸಿದವರು ಮಾಡಿದುದೂ ಇದನ್ನೇ ಅಲ್ಲವೆ? ಪ್ರಯೋಗಶಾಲೆಯಲ್ಲಿ ತನ್ನ ಎಣಿಕೆಗಳನ್ನು ನೆರೆಯವನಿಂದ ಮರೆಮಾಡುವ ವಿದ್ಯಾರ್ಥಿ ಒಮ್ಮೆ ಈ ನಿಯಮವನ್ನು ನೆನೆದುಕೊಳ್ಳಲಿ. ನಾಲ್ಕು ಮೆಗಾಬೈಟ್‌ಗಳ ಇಕ್ಕಟ್ಟಿನಲ್ಲಿಯೂ ಒಂದು ಪ್ರಪಂಚಕ್ಕೆ ಎಡೆಯಾಯಿತು; ಎದುರಾಳಿಗೆ ಎಡೆ ಕೊಡಲು ನಮ್ಮ ಮನಸ್ಸಿನಲ್ಲಿ ಅಷ್ಟು ಸ್ಥಳವಿಲ್ಲದೆ ಹೋದೀತೆ?